ಮೂರು ಕೂಗಿನ ದೋಣಿ

"ಗುರುಗಳೇ, ಒಂದೇ ಜನಾಂಗದ ರಾಷ್ಟ್ರಕ್ಕೂ ಹಲವು ಜನಾಂಗಗಳು ಸೇರಿ ಕಟ್ಟಿಕೊಂಡ ರಾಷ್ಟ್ರಕ್ಕೂ ಏನು ವ್ಯತ್ಯಾಸ?" ಎಂದು ಶಿಷ್ಯ ಕೇಳಿದ.

ಶಿಷ್ಯ ಶಾಲೆಯೊಂದರಲ್ಲಿ ಮೇಷ್ಟರು. ಮರುದಿನ ಮಕ್ಕಳಿಗೆ ಅದೇ ಪಾಠ ಹೇಳಬೇಕಿತ್ತು. ಪುಸ್ತಕವನ್ನು ಮೂರು ಸಲ ಓದಿದ್ದ. ಓದಿದಷ್ಟೂ ತಲೆಯೊಳಗೆ ಎಲ್ಲವೂ ಕಲಸಿಹೋಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ತೆಂಕು ದಡದಲ್ಲಿ ಒಬ್ಬ ತಂಡೇಲನಿದ್ದ, ಎಂದರೆ ದೋಣಿಯಾಳುಗಳ ಮುಂದಾಳು. ಅವನ ಆಳುಗಳು ಮೂರು ಮಾತಿನವರು. ದೋಣಿಯನ್ನು ಮರಳಿಗೆ ಎಳೆಯುವಾಗ ಮೂರು ಬಗೆಯಲ್ಲಿ ಕೂಗುತ್ತಿದ್ದರು. ಒಬ್ಬರು ಎಳೆದಾಗ ಇನ್ನೊಬ್ಬರು ಉಸಿರು ಬಿಡುತ್ತಿದ್ದರು. ತಂಡೇಲನಿಗೆ ಸಾಕುಸಾಕಾಗಿತ್ತು.

ಒಂದು ದಿನ ಅವನು ಬಡಗು ದಡಕ್ಕೆ ಹೋದ. ಅಲ್ಲಿ ಎಲ್ಲರದೂ ಒಂದೇ ಮಾತು. "ಐಲೇಸಾ" ಎಂದು ಕೂಗಿ, "ಸಾ" ಎಂಬಲ್ಲಿ ಎಳೆಯುತ್ತಿದ್ದರು. ದೋಣಿ ಸಲೀಸಾಗಿ ಮೇಲೇರುತ್ತಿತ್ತು. ಹಗ್ಗದ ತುದಿಯಲ್ಲಿ ಇಬ್ಬರು ಮಾತ್ರ ಬಾಯಿ ಬಿಡದೆ ಎಳೆಯುತ್ತಿದ್ದರು. ಮೂಗರಿರಬೇಕು, ಪಾಪ, ಎಂದುಕೊಂಡ.

"ಏನು ನಿಮ್ಮ ಗುಟ್ಟು?" ಎಂದು ಅಲ್ಲಿಯ ತಂಡೇಲನನ್ನು ಕೇಳಿದ.

"ಗುಟ್ಟೆಂಥದು ಮಾರಾಯ. ಒಂದೇ ಕೂಗು, ಅಷ್ಟೇ."

ಮರಳಿ ಬಂದವನೇ ತನ್ನವರಿಗೆ ಅಪ್ಪಣೆ ಮಾಡಿದ: ಇನ್ನು ಎಲ್ಲರೂ "ಐಲೇಸಾ" ಎನ್ನಬೇಕು.

ಅಂದು ಕಡಲು ಉಬ್ಬತೊಡಗಿತ್ತು. ಊರಿಗೆಲ್ಲ ಇದ್ದದ್ದು ಅದೊಂದೇ ದೋಣಿ. ಮೇಲೆ ಬಾರದಿದ್ದರೆ ಬಂಡೆಗೆ ಬಡಿದು ಒಡೆಯುವುದು ಖಂಡಿತ. ಎಲ್ಲರೂ ಗಂಟಲು ಹರಿಯುವಂತೆ "ಐಲೇಸಾ" ಎಂದರು. ದೋಣಿ ಒಂದು ಮೊಳ ಹಿಂದಕ್ಕೆ ಜಾರಿತು.

"ಕೂಗ್ತಾ ಇದ್ದೀರಿ, ಎಳೆಯೋದಿಲ್ಲ ಯಾಕೆ?" ಎಂದು ತಂಡೇಲ ಗದರಿದ.

"ಕೂಗು ಅಂದಿರಿ, ಕೂಗಿದೆವು ತಂಡೇಲರೇ. ಕೈ ಎಳೆಯೋದು ನಮ್ಮ ಕೂಗಿಗೆ."

ನೀರು ಮೊಣಕಾಲಿಗೆ ಬಂದಿತ್ತು. ತಂಡೇಲನಿಗೆ ದಿಕ್ಕು ತೋಚಲಿಲ್ಲ. ತಲೆಯ ಮುಂಡಾಸು ಬಿಚ್ಚಿ ಮೇಲೆತ್ತಿ ಹಿಡಿದ. "ಏನು ಬೇಕಾದರೂ ಕೂಗಿಕೊಳ್ಳಿ. ಇದು ಕೆಳಗೆ ಬಿದ್ದಾಗ ಎಳೆಯಿರಿ, ಸಾಕು" ಎಂದ.

ಮೂರು ಕೂಗು ಎದ್ದವು. ಮುಂಡಾಸು ಇಳಿಯಿತು. ದೋಣಿ ಮರಳೇರಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಣ್ಣು ಪಿಳುಕಿಸಿದ. ಅಲ್ಲೂ ದೋಣಿ ಏರಿತು, ಇಲ್ಲೂ ಏರಿತು. ಹಾಗಿದ್ದರೆ ಮಕ್ಕಳಿಗೆ ಹೇಳುವುದೇನು?

"ಬಡಗಿನವರು ಒಂದೇ. ತೆಂಕಿನವರು ಒಟ್ಟಿಗೆ. ವ್ಯತ್ಯಾಸ ಅಷ್ಟೇ" ಎಂದರು ಗುರುಗಳು.

ಶಿಷ್ಯನ ಮುಖ ಅರಳಿತು. ಇದನ್ನು ಹಲಗೆಯ ಮೇಲೆ ಎರಡು ಸಾಲಿನಲ್ಲಿ ಬರೆಯಬಹುದು. "ಹಾಗಾದರೆ ಬಡಗಿನವರೇ ಪುಣ್ಯವಂತರು ಗುರುಗಳೇ. ಮುಂಡಾಸು ಬಿಚ್ಚುವ ತಾಪತ್ರಯವೇ ಇಲ್ಲ."

ಗುರುಗಳು ಅವನನ್ನೇ ನೋಡಿದರು.

"ಹಗ್ಗದ ತುದಿಯಲ್ಲಿದ್ದ ಆ ಇಬ್ಬರು ಮೂಗರಲ್ಲಪ್ಪ. ಅವರ ಕೂಗು ಬೇರೆ."