ಇರುವೆ ಹಣೆಗೆ ಹಣೆ ತಾಗಿಸೋದು ಯಾಕೆ

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ ಅದು. ಬೆಟ್ಟಗಳು ಪೂರ್ತಿ ಗಟ್ಟಿಯಾಗಿರಲಿಲ್ಲ, ಬೆರಳಿಟ್ಟರೆ ಗುಳಿ ಬೀಳ್ತಿತ್ತು. ಮೋಡಗಳು ಮಧ್ಯಾಹ್ನ ಕೆಳಗಿಳಿದು ಬಂದು, ಹುಲ್ಲಿನ ಮೇಲೆ ಒಂದು ನಿದ್ದೆ ಮಾಡಿ ಎದ್ದು ಹೋಗ್ತಿದ್ದವು. ಅವು ಮಲಗಿದ್ದ ಜಾಗ ಸಂಜೆಯವರೆಗೂ ತಣ್ಣಗಿರ್ತಿತ್ತು.

ಗಾಳಿ ಆಗಿನ್ನೂ ಚಿಕ್ಕ ಹುಡುಗಿ. ಅವಳಿಗೆ ಎಲ್ಲರ ಹೆಸರೂ ಗೊತ್ತಿತ್ತು. ಗರಿಕೆಯನ್ನೂ ಹೆಸರು ಹಿಡಿದು ಕೂಗೋಳು, ಗುಡ್ಡವನ್ನೂ ಹೆಸರು ಹಿಡಿದು ಕೂಗೋಳು. ದೊಡ್ಡವರು ಚಿಕ್ಕವರು ಅನ್ನೋ ಮರ್ಯಾದೆ ಇರಲಿಲ್ಲ ಅವಳಿಗೆ, ನಿನ್ನ ಹಾಗೇ ಕಣೇ ಭಾನು.

ಮಳೆಗೂ ಆಗ ಇಂಥ ಕಾಲ ಅಂತ ಇರಲಿಲ್ಲ. ಭರಣಿ ಮಳೆ, ಆರಿದ್ರಾ ಮಳೆ ಅಂತ ನಾವು ಹೆಸರಿಟ್ಟದ್ದೆಲ್ಲ ಆಮೇಲೆ. ಆಗ ಅದು ಮನಸ್ಸು ಬಂದಾಗ ಬರ್ತಿತ್ತು, ಮನಸ್ಸಿಲ್ಲದಿದ್ದರೆ ಇಲ್ಲ.

ಅಂಥ ಕಾಲದಲ್ಲಿ ಒಂದು ಹೊಂಗೆ ಮರ. ಮರದ ಬುಡದಲ್ಲಿ, ಬೇರಿನ ಕೆಳಗೆ, ಒಂದು ಇರುವೆ ಮನೆ. ಆ ಮನೆಗೆ ಹಿರಿಯಳು ಹೊನ್ನಜ್ಜಿ.

ಇರುವೆಗೆ ಆಗ ದನಿ ಇತ್ತು, ಗೊತ್ತಾ? ಎಳ್ಳು ಹುರಿಯುವಾಗ ಚಿಟಪಟ ಅನ್ನುತ್ತಲ್ಲ, ಅಷ್ಟು ಸಣ್ಣ ದನಿ. ಆದರೆ ಸಾಲು ಇರಲಿಲ್ಲ. ಒಬ್ಬೊಬ್ಬಳದೂ ಒಂದೊಂದು ದಾರಿ. ದಾರಿಯಲ್ಲಿ ಒಬ್ಬಳಿಗೊಬ್ಬಳು ಎದುರಾದರೆ ಮುಖ ತಿರುಗಿಸಿಕೊಂಡು ಹೋಗೋರು. ಜಂಬ ಅಂದುಕೊಳ್ಳಬೇಡ. ಹೊನ್ನಜ್ಜಿ ಮನೆಯ ಕಟ್ಟುನಿಟ್ಟು ಹಾಗಿತ್ತು. ಎಲ್ಲಿಂದ ಬಂದೆ ಅಂತ ಕೇಳಬಾರದು, ಎಲ್ಲಿಗೆ ಹೊರಟೆ ಅಂತ ಹೇಳಬಾರದು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನೋಳು ಆ ಅಜ್ಜಿ, ದಿನಕ್ಕೆ ಹತ್ತು ಸಲ.

ಅವಳನ್ನ ಬೈಯೋಕೂ ಮನಸ್ಸು ಬರಲ್ಲ. ಅವಳು ಮಗುವಾಗಿದ್ದಾಗ ಒಂದು ಬಿಸಿಲು ಬಂದಿತ್ತು. ಬಂದದ್ದು ಹೋಗೋದನ್ನೇ ಮರೆತುಬಿಟ್ಟಿತು. ಹುಲ್ಲು ಸುಟ್ಟಿತು, ತೆನೆ ಸುಟ್ಟಿತು. ಅವಳ ಅವ್ವ ಒಂದು ಹಿಡಿ ನವಣೆ ಕೂಡಿಟ್ಟಿದ್ದಳು. ಇರುವೆಯ ಹಿಡಿ ಎಷ್ಟು ಅಂತ ಕೇಳಬೇಡ, ಅವರಿಗೆ ಅದೇ ಹೆಚ್ಚು. ಅದು ಎಲ್ಲಿದೆ ಅಂತ ಅವ್ವ ಬಾಯಿ ತಪ್ಪಿ ಒಂದು ಜೀರುಂಡೆ ಹತ್ತಿರ ಆಡಿಬಿಟ್ಟಳು. ಮಾರನೆ ದಿನ ಹೋಗಿ ನೋಡಿದರೆ ಬರೀ ಹೊಟ್ಟು. ಆ ಬಿಸಿಲಿನಲ್ಲಿ ಹೊನ್ನಜ್ಜಿಯ ತಂಗಿ ಹಸಿದು ಹಸಿದು ತೀರಿಕೊಂಡಳು.

ಅವತ್ತೇ ಹೊನ್ನಜ್ಜಿ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ನನ್ನ ಮನೆಯಲ್ಲಿ ಇನ್ನು ಯಾರೂ ಹಸಿವಿನಿಂದ ಸಾಯಬಾರದು. ಇಟ್ಟ ಜಾಗ ಇನ್ನು ಯಾರಿಗೂ ಗೊತ್ತಾಗಬಾರದು.

ಹಾಗೆ ಶುರುವಾಯಿತು ಅವಳ ಕೂಡಿಡೋ ಕೆಲಸ. ಮಧ್ಯಾಹ್ನ ಮೋಡಗಳೆಲ್ಲ ಹುಲ್ಲಿನ ಮೇಲೆ ಮಲಗಿರುವಾಗ, ಮನೆಯವರೂ ಕಣ್ಣು ಮುಚ್ಚಿರುವಾಗ, ಹೊನ್ನಜ್ಜಿ ಮೆಲ್ಲಗೆ ಎದ್ದು ಹೋಗೋಳು. ಹಗೇವು ತೋಡೋಳು. ಹಗೇವು ಅಂದರೆ ನೆಲದೊಳಗಿನ ಗುಂಡಿ, ಹುಲ್ಲು ಹಾಸಿ, ಕಾಳು ತುಂಬಿ, ಬಾಯಿ ಮುಚ್ಚಿ ಮಣ್ಣು ಸವರೋದು. ನಮ್ಮ ಮುತ್ತಾತನ ಕಾಲದವರೂ ರಾಗೀನ ಹಾಗೇ ಇಡ್ತಿದ್ದರು. ಇರುವೆ ನೋಡಿ ಕಲಿತರೋ ಏನೋ.

ತೆನೆ ತೆನೆ ಗೂಡಿದರೆ ಬಳ್ಳ ಅಂತಾರಲ್ಲ, ಹಾಗೆ ಏಳು ಹಗೇವು ತುಂಬಿದಳು. ಒಂದರಲ್ಲಿ ರಾಗಿ, ಒಂದರಲ್ಲಿ ನವಣೆ, ಒಂದರಲ್ಲಿ ಸಾಮೆ. ಒಂದರಲ್ಲಿ ಜೇನು ಒಣಗಿದ ಸಿಹಿ ಪುಡಿ, ಮಕ್ಕಳಿಗೆ ಅಂತ. ಸಾಲದು ಅಂತ ನೀರು ಬಂದರೆ ಇರಲಿ ಅಂದುಕೊಂಡು ಗುಡ್ಡದ ಮೇಲೆ, ಸೀಳಿದ ಬಂಡೆಯ ಸಂದಿನಲ್ಲಿ, ಒಂದು ಮನೆಯನ್ನೂ ಮಾಡಿದಳು. ಒಣ ಮಣ್ಣು ಹಾಸಿದಳು. ಮೊಟ್ಟೆ ಇಡೋಕೆ ಪುಟ್ಟ ಪುಟ್ಟ ಗೂಡು ಕೊರೆದಳು. ಆ ಬಂಡೆಗೆ ದಾರಿ ಅಂದರೆ ಹೊಂಗೆ ಬೇರೇ. ಅವರ ಮನೆ ಮೇಲೆ ಹಾದು ಹೋಗಿದ್ದ ಬೇರು ನೇರ ಗುಡ್ಡ ಏರಿ ಬಂಡೆಯ ಸಂದಿಗೇ ಸೇರ್ತಿತ್ತು.

ಇಷ್ಟೆಲ್ಲ ಮಾಡಿದ ಮಹಾತಾಯಿ ಒಬ್ಬರಿಗೂ ಒಂದು ಮಾತು ಹೇಳಲಿಲ್ಲ.

ಅವಳ ಹಿರಿ ಸೊಸೆ ಚಿಕ್ಕತಾಯಿ ಜಾಣೆ. ಅತ್ತೆ ಕಾಲಿನಲ್ಲಿ ಗುಡ್ಡದ ಕೆಂಪು ಮಣ್ಣು ನೋಡಿದ್ದಳು. ಏನೋ ಇದೆ ಅಂತ ಗೊತ್ತಿತ್ತು, ಎಲ್ಲಿ ಅಂತ ಗೊತ್ತಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

“ಅತ್ತೆ, ಎಲ್ಲಿಟ್ಟಿದ್ದೀರಿ ಅಂತ ನನಗೊಬ್ಬಳಿಗಾದರೂ ಹೇಳಿ. ಮನೇಲಿ ಮೊಟ್ಟೆಗಳಿವೆ. ನೀವಿಲ್ಲದ ಹೊತ್ತಲ್ಲಿ ಏನಾದರೂ ಆದರೆ ನಾನೇನು ಮಾಡಲಿ?”

“ನಾನಿದ್ದೀನಲ್ಲ,” ಅಂದಳು ಹೊನ್ನಜ್ಜಿ.

ಈ ಮಾತನ್ನ ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೀನೋ. ಹೇಳೋರು ಪ್ರೀತಿಯಿಂದಲೇ ಹೇಳ್ತಾರೆ, ಪಾಪ. ಆದರೆ ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತೆ.

ಚಿಕ್ಕತಾಯಿ ತನ್ನ ಕೆಲಸಕ್ಕೆ ಹೋದಳು. ಅತ್ತೆಗೆ ಎದುರಾಡೋದು ಹೇಗೆ? ಮತ್ತೆರಡು ಸಲ ಕೇಳಿದಾಗಲೂ ಅದೇ ಉತ್ತರ ಬಂತು. ಆಮೇಲೆ ಕೇಳೋದನ್ನ ಬಿಟ್ಟಳು.

ಹೀಗಿರುವಾಗ ಒಂದು ಬೆಳಿಗ್ಗೆ ಗಾಳಿ ಓಡಿ ಬಂದಳು. ಮೋಡಗಳು ಮಾತಾಡಿಕೊಳ್ಳೋದನ್ನ ಕದ್ದು ಕೇಳಿದ್ದಳಂತೆ. ಎಲ್ಲ ಮೋಡಗಳೂ ಒಟ್ಟಿಗೆ ಬರ್ತವಂತೆ, ಇನ್ನು ಮೂರು ದಿನಕ್ಕೆ. ಹೊನ್ನಜ್ಜಿ ಹೆದರಲಿಲ್ಲ. ನನ್ನದೆಲ್ಲ ತಯಾರಿದೆ, ಬಂಡೆ ಮನೆ ಒಂದು ಸಲ ಗುಡಿಸಿ ಬಂದರೆ ಆಯಿತು ಅಂತ ಅವತ್ತೇ ಹೊರಟಳು. ಎಲ್ಲಿಗೆ ಅಂತ ಸೊಸೆಗೆ ಹೇಳಲಿಲ್ಲ.

ಒಂದು ವಿಷಯ ಅವಳಿಗೆ ತಿಳಿದಿರಲಿಲ್ಲ. ಗಾಳಿಗೆ ಎಣಿಸೋಕೆ ಬರ್ತಿರಲಿಲ್ಲ. ಒಂದಾದರೂ ಮೂರು, ಹತ್ತಾದರೂ ಮೂರು ಅನ್ನೋಳು ಅವಳು.

ಹೊನ್ನಜ್ಜಿ ಬಂಡೆ ಸಂದು ಸೇರಿ, ಕಸ ತೆಗೆದು, ಗೂಡುಗಳ ಬಾಯಿ ಒರೆಸ್ತಾ ಇದ್ದಳು. ಹಾಗೇ ಬೆಳಕು ಕಂದಿತು. ಆಮೇಲೆ ಮಳೆ ಸುರಿಯಿತು. ಹನಿ ಅಂತ ಬೇರೆ ಬೇರೆ ಕಾಣಲೇ ಇಲ್ಲ. ಆಕಾಶವೇ ಕರಗಿ ಇಳಿದ ಹಾಗಿತ್ತು. ಗುಡ್ಡದ ಮೈಮೇಲೆ, ಅವಳ ಕಣ್ಣೆದುರೇ, ಒಂದು ಹಳ್ಳ ಹುಟ್ಟಿತು.

ಆ ಹಳ್ಳ ನೇರ ಹೊಂಗೆ ಮರದ ಬುಡಕ್ಕೇ ಇಳೀತಿತ್ತು.

ಅಯ್ಯೋ ಅಂದಳು ಹೊನ್ನಜ್ಜಿ. ನಿಲ್ಲಪ್ಪಾ, ಕೆಳಗೆ ನನ್ನ ಮಕ್ಕಳಿದ್ದಾರೆ, ಮೊಟ್ಟೆಗಳಿವೆ ಅಂತ ಹಳ್ಳವನ್ನ ಬೇಡಿಕೊಂಡಳು.

“ಅಜ್ಜಿ, ನಾನು ಹುಟ್ಟಿದ್ದೇ ಈಗ,” ಅಂದಿತು ಹಳ್ಳ. “ಓಡೋದು ಮಾತ್ರ ಬರುತ್ತೆ. ನಿಲ್ಲೋದು ಹೇಗೆ ಅಂತ ನನಗಿನ್ನೂ ಯಾರೂ ಹೇಳಿಕೊಟ್ಟಿಲ್ಲ.”

ಗಾಳಿಯನ್ನ ಕರೆದಳು. ಬೇರು ಹಿಡಿದು ಮೇಲೆ ಬನ್ನಿ ಅಂತ ನನ್ನ ಮನೆಯವರಿಗೆ ಹೇಳಮ್ಮ ಅಂದಳು. ಗಾಳಿ ಆ ಮಾತನ್ನ ಎತ್ತಿಕೊಂಡು ಓಡಿದಳು. ಆದರೆ ಮಾತು ಮಳೆಯಲ್ಲಿ ನೆನೆದು ಭಾರವಾಗಿ ಅರ್ಧ ದಾರಿಯಲ್ಲೇ ಕೈಜಾರಿ ಬಿತ್ತು. ಗಾಳಿ ಅಳುತ್ತಾ ವಾಪಸು ಬಂದಳು.

ಕೆಳಗೆ ಏನಾಗ್ತಿತ್ತು ಅಂದುಕೊಂಡೆ? ನೀರು ಮನೆ ಬಾಗಿಲಿಗೆ ಬಂದಿತ್ತು. ಚಿಕ್ಕತಾಯಿ ಮೊಟ್ಟೆ ಎತ್ತಿಕೊಂಡು ಆಚೆ ಬಂದಳು. ಎಲ್ಲರೂ ಬಂದರು, ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಬಿಳಿ ಮೊಟ್ಟೆ. ಬಂದು, ಎಲ್ಲಿಗೆ ಹೋಗೋದು? ಯಾವುದು ಏರು, ಯಾವುದು ತಗ್ಗು ಅಂತ ಇರುವೆ ಕಣ್ಣಿಗೆ ಎಲ್ಲಿ ಕಾಣುತ್ತೆ, ಅದೂ ಆ ಮಳೆಯಲ್ಲಿ? ಒಬ್ಬಳು ಕಡ್ಡಿ ಹತ್ತಿದಳು, ಕಡ್ಡಿ ತೇಲಿತು. ಒಬ್ಬಳು ಕಲ್ಲು ಹತ್ತಿದಳು, ಕಲ್ಲು ಮುಳುಗಿತು.

ಕಿರಿ ಸೊಸೆ ಪುಟ್ಟೀರಿ ಏಳು ಮೊಟ್ಟೆಗಳನ್ನ ಒಂದು ಒಣಗಿದ ಎಲೆಯ ಮೇಲಿಟ್ಟು ತಗ್ಗಿನ ಕಡೆಗೆ ಎಳೆದುಕೊಂಡು ಹೊರಟಳು. ಅವಳಿಗೆ ಅದೇ ಏರು ಅನ್ನಿಸಿತ್ತು. ದಾರಿಯಲ್ಲಿ ಚಿಕ್ಕತಾಯಿ ಎದುರಾದಳು. ಚಿಕ್ಕತಾಯಿ ಆ ಕಡೆಯಿಂದಲೇ ಬಂದಿದ್ದಳು, ಅಲ್ಲಿ ನೀರು ತುಂಬಿದ್ದನ್ನ ಕಣ್ಣಾರೆ ನೋಡಿದ್ದಳು. ಆದರೂ ಇಬ್ಬರೂ ಮುಖ ತಿರುಗಿಸಿಕೊಂಡು ಹೋದರು. ಅಷ್ಟು ವರ್ಷದ ರೂಢಿ ಒಂದು ಗಳಿಗೆಯಲ್ಲಿ ಹೋಗುತ್ತಾ?

ಮೇಲೆ ಹೊನ್ನಜ್ಜಿ ಬಂಡೆಯ ಬಾಯಲ್ಲಿ ನಿಂತಿದ್ದಳು. ಕಾಲಡಿ ಒಣ ಮಣ್ಣು, ಬೆನ್ನ ಹಿಂದೆ ಮಕ್ಕಳಿಗೆ ಅಂತ ಕೊರೆದ ಗೂಡುಗಳು, ಒಂದರಲ್ಲೂ ಮಗು ಇಲ್ಲ. ನಡೆದು ಇಳಿಯೋಕೆ ಮುದುಕಿಗೆ ಅರ್ಧ ದಿನ ಬೇಕು. ಅಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಮಾಡೋದು?

ಎಲೆಯೊಂದು ಹಳ್ಳದಲ್ಲಿ ತೇಲಿ ಬಂತು. ಹೊನ್ನಜ್ಜಿ ಅದರ ಮೇಲೆ ಹಾರಿಬಿಟ್ಟಳು.

ಹಳ್ಳ ಅವಳನ್ನ ಹೊತ್ತು ಓಡಿತು. ಎಲೆ ತಿರುಗಿತು, ಮಗುಚಿತು, ಮತ್ತೆ ಎದ್ದಿತು. ಅವಳು ದಾರಿಯುದ್ದಕ್ಕೂ ಕೂಗಿದಳು. ಬೇರು ಹಿಡೀರಿ, ಬೇರು ಹಿಡೀರಿ. ಕೂಗಿದಷ್ಟೂ ಕೆಸರು ನೀರು ಗಂಟಲಿಗಿಳಿಯಿತು. ಕೆಳಗೆ ಬಂದು ಬೀಳುವಷ್ಟರಲ್ಲಿ ದನಿ ಹೋಗಿತ್ತು. ಬಾಯಿ ಆಡುತ್ತೆ, ಸದ್ದಿಲ್ಲ.

ಚಿಕ್ಕತಾಯಿ ಓಡಿ ಬಂದಳು. ಮೊಟ್ಟೆ ಕಚ್ಚಿಕೊಂಡೇ ಇದ್ದಳು, ಅದನ್ನ ಕೆಳಗಿಟ್ಟು ಕೇಳಿದಳು.

“ಅತ್ತೆ, ಈಗಲಾದರೂ ಹೇಳಿ. ಎಲ್ಲಿಗೆ ಹೋಗೋಣ?”

ಹೊನ್ನಜ್ಜಿ ಬಾಯಿ ತೆರೆದಳು. ಏನೂ ಬರಲಿಲ್ಲ. ಹೇಳೋ ಕಾಲದಲ್ಲಿ ದನಿ ಇಟ್ಟುಕೊಂಡು ಹೇಳಲಿಲ್ಲ, ಈಗ ಹೇಳಬೇಕು ಅಂತ ಜೀವ ಹೋಗ್ತಿದೆ, ದನಿಯೇ ಇಲ್ಲ. ಅವಳಿಗೆ ಎಷ್ಟು ಸಂಕಟವಾಗಿರಬೇಕು ನೋಡು. ಅವಳು ಸೊಸೆಯ ಹತ್ತಿರ ಬಂದು, ಹಣೆಗೆ ಹಣೆ ಇಟ್ಟಳು. ತನ್ನ ಎರಡೂ ಮೀಸೆಯಿಂದ ಅವಳ ಹಣೆ ಸವರಿದಳು. ತಿರುಗಿ ಬೇರನ್ನ ತಟ್ಟಿದಳು. ಮತ್ತೆ ಹಣೆ ಸವರಿ, ಮತ್ತೆ ಬೇರು ತಟ್ಟಿದಳು.

ಚಿಕ್ಕತಾಯಿ ಬೇರಿನ ಕಡೆ ತಲೆ ಎತ್ತಿ ನೋಡಿದಳು. ಹುಟ್ಟಿದಾಗಿನಿಂದ ನೆತ್ತಿಯ ಮೇಲೇ ಇದ್ದ ಬೇರು. ಅತ್ತೆ ಕಾಲಿನ ಕೆಂಪು ಮಣ್ಣು ನೆನಪಾಯಿತು. ಎಲ್ಲ ತಿಳೀತು.

ಅವಳು ಕೂಗೋಕೆ ಹೋಗಲಿಲ್ಲ. ಆ ಮಳೆಯಲ್ಲಿ ಯಾರಿಗೆ ಕೇಳಬೇಕು? ಪಕ್ಕದವಳ ಹಣೆಗೆ ಹಣೆ ಇಟ್ಟಳು. ಅವಳು ಅವಳ ಪಕ್ಕದವಳಿಗೆ. ಅವಳು ಮತ್ತೊಬ್ಬಳಿಗೆ. ಹಾಗೆ ಹೋಯಿತು ಮಾತು, ಹಣೆಯಿಂದ ಹಣೆಗೆ. ಒಬ್ಬಳ ಹಿಂದೆ ಒಬ್ಬಳು ಬೇರು ಹಿಡಿದು ಮೇಲೆ ಹತ್ತಿದರು. ಲೋಕದಲ್ಲಿ ಇರುವೆ ಸಾಲು ಕಂಡದ್ದು ಅವತ್ತೇ ಮೊದಲು. ಮಳೆ ಕೂಡ ಒಂದು ಗಳಿಗೆ ಸಣ್ಣಗಾಗಿ ಅದನ್ನ ನೋಡಿತಂತೆ.

ಬಂಡೆ ಸಂದಿನಲ್ಲಿ ಬೆಚ್ಚಗಿತ್ತು. ಮೊಟ್ಟೆಗಳನ್ನ ಗೂಡುಗಳಲ್ಲಿ ಇಟ್ಟರು. ಏಳು ಗೂಡು ಖಾಲಿ ಉಳಿದವು.

ಪುಟ್ಟೀರಿ ಎಲ್ಲರಿಗಿಂತ ಕೊನೆಯಲ್ಲಿ ಬಂದಳು, ಬರಿಗೈಲಿ. ಮೊಟ್ಟೆಗಳಿದ್ದ ಎಲೆ ತಗ್ಗಿನ ನೀರಿಗೆ ಸೇರಿತ್ತು. ಅವಳು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಖಾಲಿ ಗೂಡಿನ ಮುಂದೆ ಹೋಗಿ ಕೂತಳು.

ಹೊನ್ನಜ್ಜಿ ಅವಳ ಹತ್ತಿರ ಹೋಗಿ ಹಣೆಗೆ ಹಣೆ ಇಟ್ಟಳು. ತಪ್ಪು ನಂದು ಮಗಳೇ ಅಂದಳು. ದನಿಯಿಲ್ಲದೆಯೇ ಅಂದಳು, ಪುಟ್ಟೀರಿಗೆ ಕೇಳಿಸಿತು. ಆಗ ಪುಟ್ಟೀರಿ ಅತ್ತಳು. ಅತ್ತೆ ಸೊಸೆ ಇಬ್ಬರೂ ಅತ್ತರು.

ಮಳೆ ನಿಂತು ಮೋಡಗಳು ಹಗುರಾಗಿ ಎದ್ದು ಹೋದ ಮೇಲೆ, ಹೊನ್ನಜ್ಜಿ ಎಲ್ಲರನ್ನೂ ಸಾಲಾಗಿ ಕರೆದುಕೊಂಡು ಹೊರಟಳು. ಇದು ರಾಗಿ, ಇದು ನವಣೆ, ಇದು ಸಾಮೆ. ಇದು ಮಕ್ಕಳ ಸಿಹಿ. ಏಳೂ ಹಗೇವು ತೋರಿಸಿದಳು. ಅವತ್ತು ಮೊಟ್ಟೆಯಿಂದ ಆಚೆ ಬಂದ ಮರಿಗೂ ತೋರಿಸಿದಳು. ಜೀರುಂಡೆ ಮರದ ಮೇಲಿಂದ ಇಣುಕ್ತಾ ಇತ್ತು. ನೋಡಿದರೆ ನೋಡಲಿ ಅಂತ ಬಿಟ್ಟಳು.

ಆಮೇಲೆ ಇರುವೆಗಳು ಬಾಯಲ್ಲಿ ಮಾತಾಡೋದನ್ನೇ ಬಿಟ್ಟವು. ದನಿ ಮಳೆಯಲ್ಲಿ ಮುಳುಗಿಹೋಗುತ್ತೆ, ಹಣೆಗೆ ಹಣೆ ತಾಗಿಸಿ ಹೇಳಿದ್ದು ಮುಳುಗಲ್ಲ. ಆಡದೆ ಆಡದೆ ಆ ಎಳ್ಳಿನಂಥ ದನಿ ಒಣಗಿಹೋಯಿತು.

ಇನ್ನೊಂದು ರೂಢಿಯೂ ಬಂತು. ಗಾಳಿಗೆ ಇವತ್ತಿಗೂ ಎಣಿಸೋಕೆ ಬರಲ್ಲ ನೋಡು. ಅದಕ್ಕೇ ಅವಳು ಸ್ವಲ್ಪ ತೇವವಾಗಿ ಬೀಸಿದರೂ ಸಾಕು, ಇರುವೆಗಳು ಮೊಟ್ಟೆ ಕಚ್ಚಿಕೊಂಡು ಮೇಲೇರ್ತವೆ. ಎಷ್ಟೋ ಸಲ ಮಳೆ ಬರೋದೇ ಇಲ್ಲ. ಇರುವೆಗೆ ತಿಳಿಯಲಿಲ್ಲ ಅಂತ ಜನ ನಗ್ತಾರೆ. ತಿಳಿಯದೆ ಏನು? ಹೊಸ ಮರಿಗಳಿಗೆ ದಾರಿ ರೂಢಿಯಾಗಲಿ ಅಂತ ಹೋಗಿ ಬರ್ತವೆ ಅಷ್ಟೆ.

ಎಲ್ಲಿ, ಕಾಲು ಎತ್ತು ಭಾನು, ನೋಡಿಕೊಂಡು ಕೂತುಕೋ. ಆ ಗೋಡೆ ಬದಿಯಲ್ಲಿ ಹೋಗ್ತಾ ಇದ್ದಾಳಲ್ಲ, ತನಗಿಂತ ದೊಡ್ಡ ಅಕ್ಕಿ ನುಚ್ಚು ಹೊತ್ತುಕೊಂಡು, ಅವಳಿಗೆ ಎಷ್ಟು ಅವಸರ ಇದೆಯೋ ಏನೋ. ಆದರೂ ಎದುರು ಬಂದ ಒಬ್ಬೊಬ್ಬಳ ಹತ್ತಿರವೂ ನಿಂತು, ಹಣೆಗೆ ಹಣೆ ತಾಗಿಸಿ, ಎಲ್ಲಿ ಏನಿದೆ, ಯಾವ ಕಡೆ ಹೋಗಬೇಕು ಅಂತ ಹೇಳಿಯೇ ಮುಂದೆ ಹೋಗ್ತಾಳೆ, ಯಾಕೆ ಅಂದರೆ ಹೇಳದೆ ಮುಖ ತಿರುಗಿಸಿಕೊಂಡು ಹೋದ ಆ ಒಂದು ದಿನ ಏಳು ಮಕ್ಕಳು ಮನೆಗೆ ಬರಲಿಲ್ಲ.