ಸಣ್ಣೀರಮ್ಮನ ಹೆಸರಿನ ಒತ್ತು

ಚಳ್ಳಕೆರೆಯ ಒಂದು ಪ್ರೆಸ್ಸಿನಲ್ಲಿ ವಿಶಾಲಾಕ್ಷಿ ಎಂಬಾಕೆ ಪುಸ್ತಕಗಳನ್ನು ಟೈಪ್ ಮಾಡುತ್ತಿದ್ದಳು. ಕೈ ಬಲು ಚುರುಕು. ಕಂಪ್ಯೂಟರು ತನಗೆ ಗೊತ್ತಿಲ್ಲದ ಪದದ ಕೆಳಗೆ ಕೆಂಪು ಗೆರೆ ಎಳೆಯುತ್ತಿತ್ತು. ಊರಿನ ಹೆಸರು, ಜನರ ಹೆಸರು, ಹಳ್ಳಿಯ ಮಾತು ಯಾವುದೂ ಅದಕ್ಕೆ ತಿಳಿಯದು. ಆಗ ‘ಪದಕೋಶಕ್ಕೆ ಸೇರಿಸು’ ಎಂಬುದನ್ನು ಒತ್ತಿದರೆ ಆ ಪದವನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಗೆರೆ ಮಾಯ. ಮೊದಮೊದಲು ಅಕ್ಷರ ಅಕ್ಷರ ನೋಡಿ ಸೇರಿಸುತ್ತಿದ್ದ ವಿಶಾಲಾಕ್ಷಿ, ಬರಬರುತ್ತಾ ಗೆರೆ ಕಂಡ ಕೂಡಲೇ ಒತ್ತತೊಡಗಿದಳು.

ಒಮ್ಮೆ ಸೂಲಗಿತ್ತಿ ಸಣ್ಣೀರಮ್ಮನ ಬದುಕಿನ ಪುಸ್ತಕ ಬಂತು. ಮೊದಲ ಪುಟದಲ್ಲೇ ಅವಸರದಲ್ಲಿ ‘ಸಣೀರಮ್ಮ’ ಎಂದು ಟೈಪಾಯಿತು. ಗೆರೆ ಬಂತು. ನೋಡದೆ ಸೇರಿಸಿಬಿಟ್ಟಳು. ಮುಂದಿನ ಪುಟದಲ್ಲಿ ಹೆಸರನ್ನು ಸರಿಯಾಗಿಯೇ ಹೊಡೆದಳು. ಆದರೆ ಕಂಪ್ಯೂಟರು ಅದಕ್ಕೇ ಗೆರೆ ಎಳೆದು, ‘ಸಣೀರಮ್ಮ’ ಆಗಬೇಕು ಎಂದು ತೋರಿಸಿತು. ತಾನೇ ತಪ್ಪಿದೆನೆಂದುಕೊಂಡ ವಿಶಾಲಾಕ್ಷಿ ಪುಸ್ತಕದ ಉದ್ದಕ್ಕೂ ಹಾಗೇ ಬದಲಾಯಿಸಿದಳು.

ಅಚ್ಚಿಗೆ ಹೋಗುವ ಮುಂಚೆ ಸಣ್ಣೀರಮ್ಮ ಪ್ರೆಸ್ಸಿಗೆ ಬಂದರು. ಅವರಿಗೆ ಓದಲು ಬರುತ್ತಿದ್ದುದು ತಮ್ಮ ಹೆಸರೊಂದೇ. ಪುಟದ ಮೇಲೆ ಬೆರಳಿಟ್ಟು ಕೇಳಿದರು:

“ಇದು ನಾನಲ್ಲ ಕಣವ್ವ. ನನ್ನ ಹೆಸರಲ್ಲಿ ‘ಣ’ದ ಕೆಳಗೆ ಒಂದು ಒತ್ತು ಐತೆ. ಅದೆಲ್ಲಿ ಹೋಯ್ತು?”

“ಅಜ್ಜಿ, ಕಂಪ್ಯೂಟರೇ ಇದು ಸರಿ ಅಂತಿದೆ.”

ಪ್ರೆಸ್ಸಿನ ಯಜಮಾನ ತಿಪ್ಪೇಶಪ್ಪನವರು ಎದ್ದು ಬಂದು ಆ ಪಟ್ಟಿಯನ್ನೇ ತೆರೆದು ತೋರಿಸಿದರು. ಸಾಲಿಗೊಂದು ಪದ, ಅಷ್ಟೇ.

“ನೋಡಮ್ಮ, ಇದನ್ನ ಯಾವ ಪಂಡಿತರೂ ಬರೆದಿಲ್ಲ. ನೀನು ಹೇಳಿದ್ದನ್ನೇ ಅದು ನಿನಗೆ ತಿರುಗಿ ಹೇಳಿದೆ. ಆ ಒಂದು ಪದ ಅಳಿಸು, ಹೆಸರು ತಿದ್ದು, ಅಚ್ಚು ಶುರುಮಾಡೋಣ.”

ವಿಶಾಲಾಕ್ಷಿ ಹಾಗೇ ಮಾಡಿದಳು. ಸಣ್ಣೀರಮ್ಮ ನೋಡಿ ತಲೆಯಾಡಿಸಿ ಹೊರಟರು. ಆದರೆ ವಿಶಾಲಾಕ್ಷಿಯ ಮನಸ್ಸು ನಿಲ್ಲಲಿಲ್ಲ. ಮರುದಿನವೆಲ್ಲ ಕೂತು ಪಟ್ಟಿಯ ಒಂದೊಂದು ಪದವನ್ನೂ ಓದಿದಳು. ಇನ್ನೂ ಐದು ತಪ್ಪು ಸಿಕ್ಕವು. ಅವುಗಳಲ್ಲಿ ಒಂದು, ಕರಿಯಣ್ಣ ಮೇಷ್ಟ್ರು ತಮ್ಮ ಊರಿನ ಬಗ್ಗೆ ಬರೆದ ಪುಸ್ತಕದಲ್ಲಿ ಹೋದ ವರ್ಷವೇ ಅಚ್ಚಾಗಿತ್ತು. ಬೆಳಗಲ್ಲಹಟ್ಟಿ ಎಂಬ ಊರು ‘ಬೆಳಗಲಹಟ್ಟಿ’ ಆಗಿತ್ತು. ಯಾರೂ ದೂರಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವಳು ಮೇಷ್ಟ್ರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ನಾನೂ ನೋಡಿದ್ದೆನಮ್ಮ,” ಎಂದರು ಮೇಷ್ಟ್ರು. “ಕಂಪ್ಯೂಟರಲ್ಲಿ ಬಂದದ್ದಲ್ಲವಾ, ಹುಟ್ಟಿದಾಗಿನಿಂದ ನಾನೇ ತಪ್ಪು ಬರೀತಿದ್ದೆನೇನೋ ಅಂದುಕೊಂಡೆ. ಈಗ ಕಾಗದಪತ್ರದಲ್ಲೂ ಹಾಗೇ ಬರೀತಿದ್ದೀನಿ. ಸದ್ಯ, ನೀನು ಹೇಳಿದೆ. ನನ್ನ ಊರು ನನಗೆ ವಾಪಸ್ ಸಿಕ್ಕಿತು.”

ನೀತಿ: ಪರೀಕ್ಷಿಸದೆ ಒಪ್ಪಿಕೊಂಡ ತಪ್ಪು ಕೆಲವೇ ದಿನಗಳಲ್ಲಿ ಸರಿಯ ವೇಷ ತೊಟ್ಟು ನಮಗೇ ಪಾಠ ಹೇಳುತ್ತದೆ. ಅದನ್ನು ಒಳಗೆ ಬಿಟ್ಟುಕೊಂಡವರೇ ಹುಡುಕಿ ತೆಗೆಯಬೇಕು. ಅದನ್ನು ನಂಬಿದವರಿಗೂ ತಿಳಿಸಬೇಕು.