ಮುಚ್ಚಿದ ಗಾಣ

"ಗುರುಗಳೇ, ಹೊಸದೊಂದನ್ನು ಮಾಡಿದ್ದೇನೆ. ದೊಡ್ಡ ಕಾರ್ಖಾನೆಯವರು ಕದಿಯದಂತೆ ಇದನ್ನು ಎಲ್ಲಿ ಬಚ್ಚಿಡಲಿ?"

ಕೇಳಿದ ಶಿಷ್ಯನಿಗೆ ಲೋಹ ಕಡೆಯುವ ಸ್ವಂತ ಲೇತು ಯಂತ್ರ ಇತ್ತು. ಪಂಪುಗಳ ಬಿಡಿಭಾಗ ಮಾಡಿ ಬದುಕುತ್ತಿದ್ದ. ಮಡಿಲಲ್ಲಿ ಟವೆಲ್ಲು ಸುತ್ತಿದ ಗಂಟೊಂದಿತ್ತು. ನಮಸ್ಕರಿಸುವಾಗಲೂ ಅದನ್ನು ಕೆಳಗಿಟ್ಟಿರಲಿಲ್ಲ.

ಗುರು ಗಂಟನ್ನು ನೋಡಿದರು. ಅದೇನೆಂದು ಕೇಳಲಿಲ್ಲ. ಕತೆ ಹೇಳಿದರು.

ಒಬ್ಬ ಕಮ್ಮಾರನಿದ್ದ. ಅವನ ಸೀಮೆಯ ತುಂಬ ಕಬ್ಬು. ಗಾಣಗಳು ಮಾತ್ರ ಹಳೆಯವು. ಒಮ್ಮೆ ಅರೆದ ಕಬ್ಬನ್ನು ಕೈಯಿಂದ ಎತ್ತಿ ಮತ್ತೆ ಉರುಳೆಗಳ ನಡುವೆ ತುರುಕಬೇಕಿತ್ತು. ಹಾಗೆ ತುರುಕಲು ಹೋಗಿ ಬೆರಳು ಕಳೆದುಕೊಂಡವರು ಊರೂರಿನಲ್ಲೂ ಇದ್ದರು. ಕಮ್ಮಾರನ ತಮ್ಮನೂ ಕಳೆದುಕೊಂಡಿದ್ದ. ಉಳಿದ ಬೆರಳುಗಳಿಂದಲೇ ಅವನು ಅಣ್ಣನ ಕುಲುಮೆಯಲ್ಲಿ ಸುತ್ತಿಗೆ ಹಿಡಿಯುತ್ತಿದ್ದ. ಆ ಕೈ ದಿನವೂ ಕಮ್ಮಾರನ ಕಣ್ಣೆದುರೇ ಇರುತ್ತಿತ್ತು.

ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಅವನು ಹೊಸ ಗಾಣ ಮಾಡಿದ. ಒಳಗೆ ಒಂದು ಬಾಗಿದ ತಗಡು. ಅರೆದ ಕಬ್ಬನ್ನು ಆ ತಗಡು ತಾನೇ ತಿರುಗಿಸಿ ಇನ್ನೊಂದು ಉರುಳೆಗೆ ಕೊಡುತ್ತಿತ್ತು. ಕೈ ಹಾಕುವ ಮಾತೇ ಇಲ್ಲ.

ಕಳ್ಳರಿಗೆ ಹೆದರಿ ಕಮ್ಮಾರ ಗಾಣದ ಸುತ್ತ ಕಬ್ಬಿಣದ ಪೆಟ್ಟಿಗೆ ಕಟ್ಟಿ ಮೊಳೆ ಜಡಿದ. ಒಳಗೇನಿದೆ ಎಂದು ರೈತರು ಕೇಳಿದರೆ, "ನಿಮಗೆ ಬೇಕಾದ್ದು ರಸವೋ, ಗಾಣದ ಕರುಳೋ?" ಎಂದು ಗದರಿಸಿ ಕಳಿಸುತ್ತಿದ್ದ. ತಗಡು ಕೂರಿಸುವ ಹೊತ್ತಿಗೆ ಕುಲುಮೆಯ ಬಾಗಿಲು ಹಾಕುತ್ತಿದ್ದ.

ಒಬ್ಬ ವ್ಯಾಪಾರಿ ಒಂದು ಗಾಣ ಕೊಂಡ. ಮೊಳೆ ಕಿತ್ತ. ಒಳಗಿನದನ್ನು ನೋಡಿ ತನ್ನ ಅಂಗಳದಲ್ಲಿ ಅಂಥದೇ ಗಾಣಗಳನ್ನು ಸಾಲಾಗಿ ಎರಕ ಹೊಯ್ಯಿಸಿದ. ಪ್ರತಿಯೊಂದರ ಮೇಲೂ ತನ್ನ ಹೆಸರು ಹಾಕಿಸಿದ. ಹಣವಿದ್ದವನಿಗೆ ಕದಿಯಲು ಕತ್ತಲು ಬೇಕಿಲ್ಲ. ಕದ್ದದ್ದನ್ನು ಅವನು ಹಗಲಲ್ಲೇ ಮಾರುತ್ತಾನೆ, ಮೇಲೆ ಹಾರವನ್ನೂ ಹಾಕಿಸಿಕೊಳ್ಳುತ್ತಾನೆ.

ಕಮ್ಮಾರ ಪಂಚರ ಬಳಿಗೆ ಓಡಿದ. ವ್ಯಾಪಾರಿ ನಗುತ್ತಲೇ ಬಂದ. ಅವನ ಕೆಲಸಗಾರರು ಬಂದರು, ಅಂಗಳದಲ್ಲಿ ನಿಂತು ಎರಕ ನೋಡಿದವರೂ ಬಂದರು. ಪಂಚರು ಕಮ್ಮಾರನನ್ನು ಕೇಳಿದರು, "ಒಳಗಿನ ತಗಡನ್ನು ನೀನೇ ಮೊದಲು ಮಾಡಿದ್ದನ್ನು ಕಂಡವರು ಯಾರಪ್ಪ?"

ಕಮ್ಮಾರ ತಮ್ಮನತ್ತ ತಿರುಗಿದ. "ನೀನಾದರೂ ಹೇಳೋ."

"ಏನಂತ ಹೇಳಲಿ ಅಣ್ಣ? ತಗಡು ಕೂರಿಸುವಾಗಲೆಲ್ಲ ನನ್ನನ್ನು ನೀರಿಗೆ ಕಳಿಸಿದೆ. ನಾನು ಕಂಡದ್ದು ಕೆರೆ."

ಸೇರಿದ್ದವರು ನಕ್ಕರು. ವ್ಯಾಪಾರಿ ಎಲ್ಲರಿಗಿಂತ ಜೋರಾಗಿ ನಕ್ಕ. ಪಂಚರು ಎದ್ದು ಹೋದರು.

ಕಮ್ಮಾರ ಕೆಲವು ದಿನ ಕುಲುಮೆಗೆ ಬೆಂಕಿ ಹಾಕಲಿಲ್ಲ. ಅಷ್ಟರಲ್ಲಿ ವ್ಯಾಪಾರಿಯ ಗಾಣಗಳು ಹಟ ಹಿಡಿದವು. ದಪ್ಪ ಕಬ್ಬು ಸಿಕ್ಕರೆ ಉರುಳೆ ಬಿಗಿದು ಎತ್ತುಗಳು ಮುಗ್ಗರಿಸುತ್ತಿದ್ದವು. ವ್ಯಾಪಾರಿಗೆ ಕಾರಣ ಹೊಳೆಯಲಿಲ್ಲ. ಅವನು ಗಾಣ ಕದ್ದಿದ್ದ, ಅದನ್ನು ಮಾಡಿದ ತಲೆಯನ್ನಲ್ಲ. ಕಮ್ಮಾರ ಮತ್ತೆ ಕೂತು ಯೋಚಿಸಿದ. ಬಿಲ್ಲಿನಂತೆ ಬಾಗುವ ಉಕ್ಕಿನ ಪಟ್ಟಿಯೊಂದನ್ನು ಬಡಿದು ಉರುಳೆಯ ಹಿಂದೆ ಕೂರಿಸಿದ. ದಪ್ಪ ಕಬ್ಬು ಬಂದರೆ ಉರುಳೆ ಹಿಂದೆ ಸರಿಯುತ್ತಿತ್ತು, ಕಬ್ಬು ದಾಟಿದ ಮೇಲೆ ಪಟ್ಟಿ ಅದನ್ನು ಮರಳಿ ತಳ್ಳುತ್ತಿತ್ತು.

ಈ ಸಲ ಅವನು ಪೆಟ್ಟಿಗೆ ಕಟ್ಟಲಿಲ್ಲ. ಯಾರಿಗೂ ಮಾರುವ ಮೊದಲೇ ಪಟ್ಟಿಯನ್ನು ಪಂಚರ ಮುಂದಿಟ್ಟ. ಬಿಚ್ಚಿ ತೋರಿಸಿದ, ಮತ್ತೆ ಜೋಡಿಸಿ ತೋರಿಸಿದ. ತಮ್ಮ ಪಕ್ಕದಲ್ಲೇ ಇದ್ದ. ಪಂಚರು ಆ ಪಟ್ಟಿಯ ಆಕಾರವನ್ನು ಚಾವಡಿಯ ಕಲ್ಲುಕಂಬದ ಮೇಲೆ ಕೊರೆಸಿದರು, ಕೆಳಗೆ ಕಮ್ಮಾರನ ಹೆಸರು ಕೊರೆಸಿದರು. ಇದನ್ನು ಯಾರು ಬೇಕಾದರೂ ನೋಡಿ ಕಲಿಯಬಹುದು, ಆದರೆ ಕಮ್ಮಾರ ಬದುಕಿರುವಷ್ಟು ಕಾಲ ಅವನನ್ನು ಕೇಳದೆ ಯಾರೂ ಮಾಡಿ ಮಾರಬಾರದು ಎಂದು ಡಂಗುರ ಹೊಡೆಸಿದರು.

ವ್ಯಾಪಾರಿ ಕೇಳದೆಯೇ ಮಾಡಿ ಸಂತೆಗೆ ತಂದ. ಒಬ್ಬ ರೈತ ಗಾಣಕ್ಕೆ ಬಗ್ಗಿ ನೋಡಿದ.

"ಸಾಹುಕಾರ್ರೇ, ಈ ಪಟ್ಟಿ ಚಾವಡಿ ಕಂಬದಲ್ಲಿದೆ. ನಿಮ್ಮ ಹೆಸರನ್ನು ಅಲ್ಲಿ ಇಲಿ ತಿಂದುಬಿಟ್ಟಿತೇ?"

ಸಂತೆಯೆಲ್ಲ ನಕ್ಕಿತು. ಒಂದು ಗಾಣವೂ ಮಾರಾಟವಾಗಲಿಲ್ಲ. ಮಾರನೆಯ ದಿನ ವ್ಯಾಪಾರಿ ಚಪ್ಪಲಿ ಹೊರಗೆ ಬಿಟ್ಟು ಕುಲುಮೆಯ ಮುಂದೆ ನಿಂತ.

"ಬನ್ನಿ, ಬಾಗಿಲು ತೆಗೆದೇ ಇದೆ" ಎಂದ ಕಮ್ಮಾರ. ಸುತ್ತಿಗೆ ಕೆಳಗಿಡಲಿಲ್ಲ.

ಗುರು ಕತೆ ನಿಲ್ಲಿಸಿದರು.

"ಮೊದಲಿನ ಗಾಣ ಅವನ ಹೆಸರಿಗೆ ಬಂತೇ?" ಎಂದು ಶಿಷ್ಯ ಕೇಳಿದ.

"ಇಲ್ಲ. ತಮ್ಮನ ಕೈಗಾಗಿ ಮಾಡಿದ ಆ ಗಾಣವನ್ನು ಜನ ಇಂದಿಗೂ ವ್ಯಾಪಾರಿಯ ಗಾಣ ಎನ್ನುತ್ತಾರೆ."

ಶಿಷ್ಯನ ಕೈ ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು.

ಗುರು ಹೇಳಿದರು: "ನಾಳೆ ಇದನ್ನು ಯಾರಾದರೂ ಕದ್ದು ನನ್ನನ್ನು ಸಾಕ್ಷಿಗೆ ಕರೆದರೆ, ನಾನು ಕಂಡದ್ದು ಒಂದು ಟವೆಲ್ಲು."